ಲಾಸ್ಟ್ ಪೋಸ್ಟ್ ಮುಗಿದಾಗ

ಮೊದಲ ವರ್ಷ ಮಕ್ಕಳನ್ನು ಮಂಗಳೂರಿನ ಕದ್ರಿ ಯುದ್ಧ ಸ್ಮಾರಕಕ್ಕೆ ಕರೆದುಕೊಂಡು ಹೋದದ್ದು ಕಾರ್ಗಿಲ್ ವಿಜಯ ದಿವಸಕ್ಕೆ. ಪ್ರೌಢಶಾಲೆಯ ನಲವತ್ತು ಮಕ್ಕಳು, ಇಸ್ತ್ರಿ ಹಾಕಿದ ಸಮವಸ್ತ್ರ, ಕೈಯಲ್ಲಿ ಪುಟ್ಟ ಬಾವುಟ. ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ನುಡಿಸಿ ಮುಗಿದದ್ದೇ ತಡ, ನಮ್ಮ ಮಕ್ಕಳು ಚಪ್ಪಾಳೆ ತಟ್ಟಿಬಿಟ್ಟರು. ಮುಂದಿನ ಸಾಲಿನಲ್ಲಿ ಕುಳಿತಿದ್ದ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ತಿರುಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ತಪ್ಪು ಮಕ್ಕಳದ್ದಲ್ಲ. ಯಾರಾದರೂ ಚೆನ್ನಾಗಿ ನುಡಿಸಿದರೆ ಚಪ್ಪಾಳೆ ತಟ್ಟಿ ಎಂದು ಕಲಿಸಿದ್ದು ನಾವೇ. ಅಲ್ಲಿ ನಡೆಯುವುದು ಏನು, ಯಾಕೆ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮರುವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ವಾರದಿಂದಲೇ ತಯಾರಿಗೆ ತೊಡಗಿದೆ. ಮೊದಲ ಪಾಠ ಬ್ಯೂಗಲ್‌ನದ್ದು. ಲಾಸ್ಟ್ ಪೋಸ್ಟ್ ಮೂಲತಃ ಸೈನಿಕರ ಶಿಬಿರದ ರಾತ್ರಿಯ ಕರೆ: ಕಾವಲಿನ ತಪಾಸಣೆ ಮುಗಿಯಿತು, ಇನ್ನು ವಿಶ್ರಮಿಸಿ ಎಂದು. ಹುತಾತ್ಮರ ಸ್ಮರಣೆಯಲ್ಲಿ ಅದೇ ಕರೆ, ನಿನ್ನ ಕಾವಲು ಮುಗಿಯಿತು ಎಂದು ಸತ್ತವನಿಗೆ ಹೇಳುತ್ತದೆ. ಆಮೇಲೆ ಎರಡು ನಿಮಿಷ ಮೌನ. ಮೌನದ ನಂತರ ರೌಸ್, ಅಂದರೆ ಬೆಳಗ್ಗೆ ಎಬ್ಬಿಸುವ ಕರೆ. 'ಶೋಕ ಶಸ್ತ್ರ' ಎಂಬ ಆದೇಶ ಬಂದಾಗ ತುಕಡಿಯವರು ಬಂದೂಕಿನ ನಳಿಗೆಯನ್ನು ನೆಲಕ್ಕೆ ತಿರುಗಿಸಿ ತಲೆ ಬಾಗಿಸುತ್ತಾರೆ. ಇಷ್ಟು ಹೇಳಿ ಧ್ವನಿಮುದ್ರಣ ಕೇಳಿಸಿದಾಗ ತರಗತಿಯಲ್ಲಿ ಯಾರ ಕೈಯೂ ಮೇಲೇಳಲಿಲ್ಲ.

ಮೌನವನ್ನೂ ಅಭ್ಯಾಸ ಮಾಡಿಸಬೇಕು. ಮೊದಲ ದಿನ ಇಪ್ಪತ್ತು ಸೆಕೆಂಡಿಗೇ ಕಿಸಕ್ ಎಂದು ನಗು ಬಂತು. ಗದರಿಸಲಿಲ್ಲ. ದಿನಾ ಹತ್ತು ಸೆಕೆಂಡು ಹೆಚ್ಚಿಸುತ್ತಾ ಹೋದೆ, ಎರಡು ವಾರದೊಳಗೆ ಎರಡು ನಿಮಿಷ ಮುಟ್ಟಿದೆವು.

527 ಎಂಬ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದರೆ ಅದು ಬರೀ ಅಂಕಿ. 1999ರ ಕಾರ್ಗಿಲ್ ಯುದ್ಧದಲ್ಲಿ ಪ್ರಾಣ ಕೊಟ್ಟ ನಮ್ಮ ಯೋಧರ ಸಂಖ್ಯೆ ಅದು. ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಯ ಹದಿನಾಲ್ಕು ಗುಳಿಗೆ ನಾಲ್ಕರಂತೆ 56 ಕಾಯಿ ಬೇಕೆಂದು ನಮ್ಮ ಮಕ್ಕಳಿಗೆ ಗೊತ್ತು. ಮನೆಮನೆಯಿಂದ ಆ ಆಟದ ಕಾಯಿಯಾದ ಮಂಜೊಟ್ಟಿ ಬೀಜ ತರಿಸಿ ಒಂದೊಂದಾಗಿ 527 ಎಣಿಸಿಸಿದೆ. ಒಂಬತ್ತು ಚೆನ್ನೆಮಣೆ ತುಂಬಿಯೂ ಮಿಕ್ಕಿತು. ಎಣಿಸುತ್ತಿದ್ದ ಹುಡುಗನೊಬ್ಬ ನಡುವೆ ನಿಲ್ಲಿಸಿ, "ಟೀಚರ್, ಇವರಿಗೆಲ್ಲ ಎಷ್ಟು ವರ್ಷ?" ಎಂದು ಕೇಳಿದ. ಕ್ಯಾಪ್ಟನ್ ವಿಕ್ರಮ್ ಬಾತ್ರಾ ಅವರಿಗೂ ಲೆಫ್ಟಿನೆಂಟ್ ಮನೋಜ್ ಕುಮಾರ್ ಪಾಂಡೆ ಅವರಿಗೂ 24. ಟೈಗರ್ ಹಿಲ್‌ನಲ್ಲಿ ಮೈತುಂಬ ಗುಂಡೇಟು ತಿಂದೂ ಬದುಕಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ 19. "ನನ್ನ ಅಣ್ಣನಿಗೂ 19" ಎಂದ. ಟೈಗರ್ ಹಿಲ್ 5,000 ಮೀಟರಿಗಿಂತ ಎತ್ತರ, ನಾವು ನೋಡಿದ ಕುದುರೆಮುಖದ ತುದಿ 1,900 ಮೀಟರ್ ಕೂಡ ಇಲ್ಲ ಎಂದಾಗ ಅವನು ಮಾತಾಡಲಿಲ್ಲ.

ಒಂದು ಶನಿವಾರ ನಿವೃತ್ತ ಸುಬೇದಾರರೊಬ್ಬರನ್ನು ಶಾಲೆಗೆ ಕರೆಸಿದೆವು. "ಎಷ್ಟು ಜನರನ್ನು ಕೊಂದಿರಿ" ಎಂದು ಮಾತ್ರ ಕೇಳಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸರ್, ಮನೆಯಿಂದ ಕಾಗದ ಬರಲು ಎಷ್ಟು ದಿನ ಆಗುತ್ತಿತ್ತು?" ಎಂದಳು. ಆ ಒಂದು ಪ್ರಶ್ನೆಗೆ ಅವರು ಅರ್ಧ ಗಂಟೆ ಮಾತಾಡಿದರು.

ಭಾಷಣ, ಕೆನ್ನೆಗೆ ಬಣ್ಣ, ಘೋಷಣೆ ಇವೆಲ್ಲ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಕೆಲವು ಪೋಷಕರಿಗೆ ಬೇಸರವಾಯಿತು. ಆದರೆ ಮಗನನ್ನು ಕಳೆದುಕೊಂಡವರ ಎದುರು ನಾವು ಆವೇಶ ತೋರಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅದರ ಬದಲು ಸಂಘಟಕರ ಒಪ್ಪಿಗೆ ಪಡೆದು, ಊರಿನ ಹುತಾತ್ಮರ ಹೆಸರು, ಹುದ್ದೆ, ವಯಸ್ಸು ಇಷ್ಟನ್ನೇ ಮಕ್ಕಳು ಓದುವುದೆಂದು ಗೊತ್ತುಮಾಡಿದೆವು. ಹೆಸರಿನ ಉಚ್ಚಾರ ಆಯಾ ಮನೆಯವರನ್ನೇ ಕೇಳಿ ತಿದ್ದಿಕೊಂಡೆವು. ಪುಷ್ಪಚಕ್ರ ಪೇಟೆಯಿಂದ ತರಲಿಲ್ಲ. ತೆಂಗಿನ ಹಸಿ ಮಡಲನ್ನು ಬಳೆಯಂತೆ ಹೆಣೆದು, ಮನೆಯಂಗಳದ ಕೇಪುಳ ಹೂವು ಸಿಕ್ಕಿಸಿದರು.

ಜುಲೈ 26 ಅಂದರೆ ಇಲ್ಲಿ ಆಟಿ ತಿಂಗಳು, ಮಳೆ ಬಿಡುವುದಿಲ್ಲ. ಕೊಡೆ ಹಿಡಿದರೆ ಹಿಂದಿನವರಿಗೆ ಏನೂ ಕಾಣದು, ಹಾಗಾಗಿ ಎಲ್ಲರಿಗೂ ರೈನ್‌ಕೋಟು. ತಿಂಡಿ ತಿನ್ನದೆ ಯಾರೂ ಬಸ್ಸು ಹತ್ತುವಂತಿಲ್ಲ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ನಿಂತವರೇ ತಲೆತಿರುಗಿ ಬೀಳುವುದು. ಮೊಣಕಾಲು ಬಿಗಿಹಿಡಿಯಬೇಡಿ, ಶೂ ಒಳಗೆ ಬೆರಳು ಆಡಿಸುತ್ತಿರಿ, ಕಣ್ಣು ಕತ್ತಲಾದರೆ ಕೂತುಬಿಡಿ, ಅದರಲ್ಲಿ ಅವಮಾನವಿಲ್ಲ ಎಂದು ಸುಬೇದಾರರು ಹೇಳಿಕೊಟ್ಟಿದ್ದರು.

ಆ ಬೆಳಗ್ಗೆ ಲಾಸ್ಟ್ ಪೋಸ್ಟ್ ಮುಗಿದಾಗ ಕೇಳಿಸಿದ್ದು ರೈನ್‌ಕೋಟಿನ ಮೇಲೆ ಬೀಳುವ ಮಳೆಯ ಸದ್ದು ಮಾತ್ರ. ರೌಸ್ ನುಡಿದಾಗ ಎದುರಿನ ಸಾಲಿನ ಹುಡುಗ ಕಣ್ಣೊರೆಸಿಕೊಂಡದ್ದು ಕಂಡಿತು.

ಎಲ್ಲ ಮುಗಿದ ಮೇಲೆ, ಹೋದ ವರ್ಷ ತಿರುಗಿ ನೋಡಿದ್ದ ಅದೇ ತಾಯಿ ನಮ್ಮ ಸಾಲಿನ ಹತ್ತಿರ ಬಂದರು. ಕಾಗದದ ಪ್ರಶ್ನೆ ಕೇಳಿದ್ದ ಹುಡುಗಿಯೇ ಅವರ ಮಗನ ಹೆಸರು ಓದಿದ್ದಳು. "ಚಳಿ ಆಪುಂಡಾ ಮಗಾ?" ಎಂದು ತುಳುವಿನಲ್ಲಿ ಕೇಳುತ್ತಾ ಸೆರಗಿನಿಂದ ಅವಳ ತಲೆ ಒರೆಸಿದರು. "ಅಜ್ಜಿ, ಹೆಸರು ಸರಿಯಾಗಿ ಓದಿದೆನಾ?" ಎಂದಳು. ಅವರು ತಲೆಯಾಡಿಸಿದರು.

ಶಾಲೆಗೆ ಮರಳಿದಾಗ ಮೂರನೇ ಪೀರಿಯಡ್. ಮಕ್ಕಳು ಒದ್ದೆ ಸಾಕ್ಸನ್ನು ಕಿಟಕಿಯ ಸರಳಿಗೆ ನೇತುಹಾಕಿ ಗಣಿತಕ್ಕೆ ಕುಳಿತರು.