ಹತ್ತನೇ ಕ್ಲಾಸಿನ ಗಣಿತ ಕಷ್ಟವಾ? ಆರನೇ ಕ್ಲಾಸಿನ ಪುಸ್ತಕ ತೆಗೆಯಿರಿ

ಎಸ್ಸೆಸ್ಸೆಲ್ಸಿ ಶುರುವಾದ ಕೂಡಲೇ ಟ್ಯೂಷನ್ ಹುಡುಕುವವರಿಗೆ ಒಂದು ಮಾತು. ನನ್ನ ಮಗಳಿಗೆ ಸಮಾಂತರ ಶ್ರೇಢಿ (ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು) ತಲೆಗೇ ಹತ್ತುತ್ತಿಲ್ಲ ಅಂದುಕೊಂಡಿದ್ದೆ. ಒಂದು ಸಂಜೆ ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು (ಇದೇ ಕಷ್ಟದ ಕೆಲಸ), ಅವಳು ಬರೆಯುವುದನ್ನು ಸುಮ್ನೆ ನೋಡಿದೆ. 10, 7, 4 ಹೀಗೆ ಹೋಗುವ ಶ್ರೇಢಿಯ 30ನೇ ಪದ ಬೇಕಿತ್ತು. ಸೂತ್ರ ಸರಿಯಾಗಿತ್ತು, 10 + 29 × (−3) ಅಂತ ಬರೆದಳು, 10 − 87 ತನಕವೂ ಬಂದಳು, ಆಮೇಲೆ ಉತ್ತರ 77. ಮೈನಸ್ ಎಲ್ಲಿ ಹೋಯಿತು? "ದೊಡ್ಡದರಿಂದ ಚಿಕ್ಕದು ಕಳೆದೆ" ಅಂದಳು. ಪಾಠ ಅರ್ಥವಾಗಿದೆ, ಋಣ ಸಂಖ್ಯೆ ಅರ್ಥವಾಗಿಲ್ಲ. ಅದು ಕೆಳಗಿನ ಕ್ಲಾಸಿನ ಬಾಕಿ ಅಲ್ವಾ?

ಹಾಗಾಗಿ ತಪ್ಪಾದ ಲೆಕ್ಕಗಳಿಗೇ ಒಂದು ನೋಟ್‌ಬುಕ್ ಇಡಿ. ಯಾವ ಸಾಲಿನಲ್ಲಿ ಎಡವಿದರು ಅಂತ ಮಕ್ಕಳಿಂದಲೇ ಗುರುತು ಹಾಕಿಸಿ. ಜಾಸ್ತಿ ಸಲ ಅದೇ ತಪ್ಪು ತಿರುಗಿ ಬರುತ್ತದೆ: ಮೈನಸ್, ಇಲ್ಲಾ 1/2 + 1/3 = 2/5 ಅಂತ ಬರೆಯುವ ಭಿನ್ನರಾಶಿ, ಇಲ್ಲಾ ಮಗ್ಗಿ. ಅದೊಂದನ್ನೇ ದಿನಕ್ಕೆ 15 ನಿಮಿಷ ಮಾಡಿಸಿ. ಆರನೇ ಕ್ಲಾಸಿನ ಪುಸ್ತಕ ಕೈಗೆ ಕೊಟ್ಟರೆ ಮುಖ ಊದಿಸಿಕೊಳ್ಳುತ್ತಾರೆ, ನಮ್ಮವಳೂ ಹಾಗೇ ಮಾಡಿದಳು, ಕೊನೆಗೆ ಯಾವ ಕ್ಲಾಸಿನದು ಅಂತ ಕಾಣದ ಹಾಗೆ ಪುಸ್ತಕಕ್ಕೆ ಬೈಂಡ್ ಹಾಕಿ ಕೊಟ್ಟೆ.