ಮಂಡಿನೋವಿಗೆ ಊರುಗೋಲು: ಯಾವ ಕೈಯಲ್ಲಿ, ಎಷ್ಟು ಎತ್ತರ?

ಬಲಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ನೋವಿನ ಕಡೆಗೇ ಹಿಡಿದರೆ ಮೈಯೂ ಅತ್ತಲೇ ವಾಲುತ್ತದೆ, ಮಂಡಿಯ ಭಾರ ಸರಿಯಾಗಿ ಇಳಿಯುವುದಿಲ್ಲ. ಕೋಲನ್ನೂ ನೋಯುವ ಕಾಲನ್ನೂ ಒಟ್ಟಿಗೆ ಮುಂದಿಡಿ. ಆಮೇಲೆ ಗಟ್ಟಿ ಕಾಲು.

ಎತ್ತರ ನೋಡುವಾಗ ದಿನವೂ ಹಾಕುವ ಚಪ್ಪಲಿ ಮೆಟ್ಟಿ, ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿ ಬಾಗಿರಬೇಕು. ಉದ್ದವಾದರೆ ಭುಜ ನೋಯುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು, ನೋಯುವ ಕಾಲು ಮೊದಲು. ತುದಿಯ ರಬ್ಬರ್ ಸವೆದು ನುಣುಪಾದರೆ ಒದ್ದೆ ನೆಲದಲ್ಲಿ ಜಾರುತ್ತದೆ, ತಡಮಾಡದೆ ಬದಲಿಸಿ. ಮಂಡಿ ಏಕಾಏಕಿ ಊದಿ ಬಿಸಿಯಾಗಿ ಜ್ವರವೂ ಬಂದರೆ ಅಂದೇ ವೈದ್ಯರಿಗೆ ತೋರಿಸಿ.