ದೋಣಿ ಇಳಿಸುವ ಮುಂಚೆ ಬಿರಡೆ ಎಲ್ಲಿದೆ ನೋಡಿ

ನಮ್ಮ ದೋಣಿ ಅರ್ಧ ಮುಳುಗಿದ್ದಕ್ಕೆ ಕಾರಣ ಆಯುಧಪೂಜೆ. ತಮಾಷೆ ಮಾಡುತ್ತಿಲ್ಲ. ಮೂವರು ಸ್ನೇಹಿತರು ದುಡ್ಡು ಸೇರಿಸಿ ಕೊಂಡ ಹದಿಮೂರು ಅಡಿ ಫೈಬರ್ ದೋಣಿ ಅದು. ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್. ನೆಲಮಂಗಲದ ಹತ್ತಿರ ಒಂದು ಬಾಡಿಗೆ ಶೆಡ್‌ನಲ್ಲಿ ಟ್ರೇಲರ್ ಮೇಲೆ ನಿಂತಿರುತ್ತದೆ. ಹಬ್ಬಕ್ಕೆ ಅಂತ ತೊಳೆದೆವು. ನೀರು ಹರಿದು ಹೋಗಲಿ ಅಂತ ಹಿಂದಿನ ಬಿರಡೆ ಬಿಚ್ಚಿದೆವು. ಸ್ಪ್ಯಾನರ್, ಜಾಕ್, ಸ್ಕ್ರೂಡ್ರೈವರ್ ಎಲ್ಲವನ್ನೂ ಮಣೆ ಮೇಲೆ ಜೋಡಿಸಿ ಅರಿಶಿನ ಕುಂಕುಮ ಹಚ್ಚುವಾಗ ಯಾರೋ ಬಿರಡೆಯನ್ನೂ ಅದೇ ಸಾಲಿಗೆ ಇಟ್ಟರು. ಮುಂದಿನ ಭಾನುವಾರ ದೋಣಿ ಕಾವೇರಿ ಹಿನ್ನೀರಿಗೆ ಇಳಿಯಿತು. ಮೂತಿಗೆ ಕಟ್ಟಿದ ನಿಂಬೆಹಣ್ಣು ಇತ್ತು, ಒಣಗಿದ ಹೂವಿನ ಹಾರ ಇತ್ತು. ಬಿರಡೆ ಮಾತ್ರ ನೆಲಮಂಗಲದಲ್ಲಿ ಕುಂಕುಮ ಇಟ್ಟುಕೊಂಡು ಕೂತಿತ್ತು.

ಅಂಗಡಿಯವರು ಇದನ್ನು ಡ್ರೈನ್ ಪ್ಲಗ್ ಅನ್ನುತ್ತಾರೆ. ದೋಣಿಯ ಹಿಂಭಾಗದಲ್ಲಿ, ಎಂಜಿನ್ ಕೂರುವ ಹಲಗೆಯ ತೀರಾ ಕೆಳಗೆ ಇರುವ ತೂತಿಗೆ ಹಾಕುವ ಬಿರಡೆ. ದೋಣಿಗೆ ತೂತು ಯಾಕಪ್ಪಾ ಅಂತ ಹೊಸಬರು ಕೇಳುತ್ತಾರೆ. ಅವತ್ತು ನಮ್ಮ ಸಹಾಯಕ್ಕೆ ಬಂದ ಮೀನು ಹಿಡಿಯುವ ಯಜಮಾನರೂ ಕೇಳಿದರು: “ನಮ್ ಹರಿಗೋಲ್ಗೆ ತೂತೇ ಮಡಗಿಲ್ಲ ಸಾ, ನೀವ್ಯಾಕ್ ಮಡಗ್ಸಿದ್ರಿ?” ಹರಿಗೋಲನ್ನು ಹೊತ್ತು ತಂದು ದಡದಲ್ಲಿ ಬೋರಲು ಹಾಕಿದರೆ ನೀರೆಲ್ಲ ಹೋಯಿತು. ಎಂಜಿನ್ ಹೊತ್ತ ಫೈಬರ್ ದೋಣಿಯನ್ನು ಬೋರಲು ಹಾಕೋಕೆ ಆಗುತ್ತಾ? ನಮ್ಮದು ಸುಮಾರು 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಬೆಂಗಳೂರಿನಲ್ಲಿ ಒಂದು ರಾತ್ರಿ ಜೋರಾಗಿ 100 ಮಿಲಿಮೀಟರ್ ಮಳೆ ಹೊಡೆದರೆ ಅದರೊಳಗೆ 500 ಲೀಟರ್ ನೀರಿಗೆ ಮೋಸ ಇಲ್ಲ. ಅಂದರೆ ಟ್ರೇಲರ್ ಮೇಲೆ ಅರ್ಧ ಟನ್ ಎಕ್ಸ್‌ಟ್ರಾ ಭಾರ. ಜೊತೆಗೆ ಸೊಳ್ಳೆ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ ಅಂತ ಹೂವಿನ ಕುಂಡದ ತಟ್ಟೆಯನ್ನೂ ಬಿಡದೆ ಖಾಲಿ ಮಾಡುವ ಊರು ನಮ್ಮದು, ಅಂಥದ್ದರಲ್ಲಿ ಅರ್ಧ ಟನ್ ನೀರಿನ ತೊಟ್ಟಿ ಇಟ್ಟುಕೊಂಡರೆ ಅಕ್ಕಪಕ್ಕದವರು ಸುಮ್ನೆ ಬಿಡುತ್ತಾರಾ? ಅದಕ್ಕೇ ನಿಂತಿರುವ ದೋಣಿಯ ಬಿರಡೆ ಬಿಚ್ಚಿಯೇ ಇರಬೇಕು. ಬಿಚ್ಚುವುದು ಸರಿಯಾದ ಅಭ್ಯಾಸವೇ. ಮತ್ತೆ ಹಾಕುವುದರಲ್ಲೇ ನಾವು ಎಡವುವುದು.

ಇಷ್ಟು ಸಣ್ಣ ತೂತಿನಿಂದ ಏನಾಗುತ್ತೆ ಅನ್ನುವವರಿಗೆ ಒಂದು ಲೆಕ್ಕ. 25 ಮಿಲಿಮೀಟರ್ ತೂತು, ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ ಇದೆ ಅಂದುಕೊಳ್ಳಿ. ನಿಮಿಷಕ್ಕೆ ಸುಮಾರು 40 ಲೀಟರ್ ಒಳಗೆ ಬರುತ್ತದೆ. ಮನೆಗೆ ತರಿಸುವ 20 ಲೀಟರ್ ನೀರಿನ ಕ್ಯಾನ್ ಇದೆಯಲ್ಲ, ನಿಮಿಷಕ್ಕೆ ಅಂಥ ಎರಡು ಕ್ಯಾನ್. ಕಾರು ಪಾರ್ಕ್ ಮಾಡಿ, ಟೀ ಕುಡಿದು, ಹತ್ತು ನಿಮಿಷ ಬಿಟ್ಟು ವಾಪಸ್ ಬರುವಷ್ಟರಲ್ಲಿ ಇಪ್ಪತ್ತು ಕ್ಯಾನ್. ಹಿಂಭಾಗ ಕೆಳಗೆ ಇಳಿದಷ್ಟೂ ತೂತು ಇನ್ನೂ ಆಳಕ್ಕೆ ಹೋಗುತ್ತದೆ, ನೀರು ಇನ್ನೂ ಜೋರಾಗಿ ನುಗ್ಗುತ್ತದೆ.

ನಮಗೆ ಅದು ಗೊತ್ತೇ ಆಗಲಿಲ್ಲ ಅನ್ನುವುದು ಬೇರೆ ಕಥೆ. ಫೈಬರ್ ದೋಣಿಗಳಲ್ಲಿ ಸಾಮಾನ್ಯವಾಗಿ ಎರಡು ತಳ ಇರುತ್ತದೆ. ನಾವು ಕಾಲಿಡುವ ನೆಲ ಒಂದು, ಅದರ ಕೆಳಗೆ ನಿಜವಾದ ತಳ ಇನ್ನೊಂದು. ನೀರು ಮೊದಲು ಈ ನಡುವಿನ ಜಾಗದಲ್ಲಿ ತುಂಬುತ್ತದೆ. ಕಾಲು ಒದ್ದೆಯಾಗುವ ಹೊತ್ತಿಗೆ ಕೆಳಗೆ ನೂರಾರು ಲೀಟರ್ ಕೂತಾಗಿರುತ್ತದೆ. ಇನ್ನೊಂದು ಮೋಸವೂ ಇದೆ. ದೋಣಿ ವೇಗವಾಗಿ ಹೋಗುತ್ತಿರುವಾಗ ಮೂತಿ ಎದ್ದು, ಹಿಂದಿನ ತೂತಿನ ಬಳಿ ನೀರಿನ ಒತ್ತಡ ಇರುವುದಿಲ್ಲ, ಒಳಗಿನ ನೀರೇ ಹೊರಗೆ ಹರಿಯುತ್ತದೆ. ಎಲ್ಲಾ ಸರಿ ಇದೆ ಅನಿಸುತ್ತದೆ. ಎಲ್ಲೋ ನಡುನೀರಿನಲ್ಲಿ ಫೋಟೋ ತೆಗೆಯೋಕೆ ಅಂತ ಎಂಜಿನ್ ನಿಲ್ಲಿಸಿದಾಗ ಶುರುವಾಗುತ್ತದೆ. ಹಿಂಭಾಗ ಕುಗ್ಗಿದ ಹಾಗೆ ಕಂಡರೆ, ಆಕ್ಸಿಲರೇಟರ್ ಕೊಟ್ಟರೂ ಮೂತಿ ಇಳಿಯದೆ ಎಮ್ಮೆ ಹಾಗೆ ಎಳೆದರೆ, ತಳದ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪ್ ನಿಲ್ಲದೆ ಓಡುತ್ತಿದ್ದರೆ, ಎಂಜಿನ್ ಹಳೇದಾಯ್ತು ಅಂತ ಬೈಯಬೇಡಿ. ಮೊದಲು ಬಿರಡೆ ನೋಡಿ.

ಈಗ ಮರೆಯದಿರುವ ವಿಚಾರ. ನೆನಪಿನ ಶಕ್ತಿಯನ್ನು ನಂಬಬೇಡಿ. ನಾವು ಮೂವರೂ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವವರು, ಮನೆ ಬಿಡುವಾಗ ಗ್ಯಾಸ್ ಆಫ್ ಮಾಡಿದ್ದೀವಾ ಅಂತ ಎರಡು ಸಲ ನೋಡುವವರು. ಅವತ್ತು ರ್ಯಾಂಪ್ ಮೇಲೆ, ಅಂದರೆ ದೋಣಿಯನ್ನು ನೀರಿಗೆ ಇಳಿಸುವ ಇಳಿಜಾರಿನಲ್ಲಿ, ನಡೆದಿದ್ದು ಇಷ್ಟೇ: “ಮಗಾ, ಹಾಕ್ದ್ಯಾ?” “ನೀನ್ ಹಾಕಿಲ್ವಾ?” ಮೂರು ಜನರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಹಾಗಾಗಿ ಹೊರಡುವ ಮುಂಚೆಯೇ ಒಬ್ಬರ ಹೆಸರು ಹೇಳಿ. ಇವತ್ತು ಬಿರಡೆ ಇವನದು. ಅವನು ಹಾಕಬೇಕು, ಇನ್ನೊಬ್ಬ ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿಂದ ನೋಡಿದರೆ ಸಾಲದು, ಟ್ರೇಲರ್‌ನ ಕಬ್ಬಿಣ, ನೆರಳು, ಕೆಸರು ಸೇರಿ ತೂತೂ ಬಿರಡೆಯೂ ಒಂದೇ ಥರ ಕಾಣುತ್ತದೆ.

ಎರಡನೆಯದು ಜಾಗ. ರ್ಯಾಂಪ್ ಮೇಲೆ ಹಾಕೋಣ ಅಂದುಕೊಂಡರೆ ಕೆಟ್ಟಿರಿ. ಅಲ್ಲಿ ಹಿಂದೆ ಇನ್ನೊಂದು ಗಾಡಿ ಕಾಯುತ್ತಿರುತ್ತದೆ, ಯಾರೋ ಬಂದು “ಎಷ್ಟಾಯ್ತು ಸರ್ ಇದಕ್ಕೆ, ಎಷ್ಟು ಮೈಲೇಜು” ಅಂತ ಮಾತಿಗೆ ಎಳೆಯುತ್ತಾರೆ, ಮಕ್ಕಳು ಆಗಲೇ ದೋಣಿ ಹತ್ತೋಕೆ ಗಲಾಟೆ ಮಾಡುತ್ತಿರುತ್ತಾರೆ. ನಾವು ಈಗ ಮೈಸೂರು ಕಡೆ ಹೋದರೆ ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದಾಗ ಹಾಕುತ್ತೇವೆ. ಮಳೆ ಬರುತ್ತಿದ್ದರೆ ಬಿರಡೆ ಹಾಕಿದ ದೋಣಿಯಲ್ಲಿ ದಾರಿಯಲ್ಲೇ ನೀರು ತುಂಬುತ್ತದೆ, ಆಗ ನೀರಿನ ಹತ್ತಿರ ಬಂದ ಮೇಲೆ ರ್ಯಾಂಪ್‌ಗಿಂತ ದೂರದಲ್ಲೇ ನಿಲ್ಲಿಸಿ ಹಾಕುವುದು. ಅದೇ ತಿಂಡಿ ನಿಲುಗಡೆಯಲ್ಲಿ ಟ್ರೇಲರ್ ಚಕ್ರದ ನಡುಭಾಗದ ಹತ್ತಿರ ಕೈ ಇಟ್ಟು ನೋಡಿ, ಹತ್ತಿರ ಇಡಲಾಗದಷ್ಟು ಕಾದಿದ್ದರೆ ಬೇರಿಂಗ್ ನೋಡಿಸಬೇಕು. ನೀರಿಗೆ ಇಳಿಸುವ ಮುಂಚೆ ಆರಲು ಬಿಡಿ, ಕಾದ ಬೇರಿಂಗ್ ತಣ್ಣೀರಿಗೆ ಬಿದ್ದರೆ ಒಳಗೆ ನೀರು ಎಳೆದುಕೊಳ್ಳುತ್ತದೆ.

ಮೂರನೆಯದು ದಾರ. ಬಿರಡೆ ದೋಣಿಯಲ್ಲಿ ಇಲ್ಲದಿದ್ದಾಗ ಅದು ಎಂಜಿನ್ ಕೀಗೆ ಕಟ್ಟಿರಬೇಕು. ಕೀ ಇಲ್ಲದ ಎಂಜಿನ್ ಆದರೆ ಎಳೆದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಕೆಂಪು ಹಗ್ಗಕ್ಕೆ ಕಟ್ಟಿ. ಅದಿಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಮಾಡಲು ಹೋದಾಗ ಬಿರಡೆ ಕೈಗೆ ಸಿಕ್ಕೇ ಸಿಗುತ್ತದೆ. ಡಬ್ಬಿಯಲ್ಲಿ ಇಡುತ್ತೇನೆ, ಡ್ಯಾಶ್‌ಬೋರ್ಡ್ ಮೇಲೆ ಇಡುತ್ತೇನೆ ಅನ್ನುವುದೆಲ್ಲ ಬೇಡ.

ಮತ್ತೆ, ಒಂದೇ ಬಿರಡೆ ಇದೆ ಅಂತ ತಿಳಿಯಬೇಡಿ. ಕೆಲವು ದೋಣಿಗಳಲ್ಲಿ ಒಳನೆಲಕ್ಕೊಂದು, ಹೊರಗೆ ಒಂದು ಇರುತ್ತದೆ. ಗಾಳಿ ತುಂಬುವ ರಬ್ಬರ್ ದೋಣಿಗೂ ಹಿಂದಿನ ಹಲಗೆಯಲ್ಲಿ ಇರುತ್ತದೆ. ಕಯಾಕ್ ಇಟ್ಟುಕೊಂಡವರೂ ನಗಬೇಡಿ, ನಿಮ್ಮದರಲ್ಲೂ ತುದಿಯಲ್ಲಿ ಒಂದು ಪುಟ್ಟ ಬಿರಡೆ ಇರುತ್ತದೆ. ಒಂದು ಸ್ಪೇರ್ ಯಾವಾಗಲೂ ದೋಣಿಯಲ್ಲೇ ಇರಲಿ. ಸನ್ನೆ ಒತ್ತಿದರೆ ರಬ್ಬರ್ ಉಬ್ಬಿ ಬಿಗಿಯಾಗುವ ಥರದ್ದು ಸ್ಪೇರ್‌ಗೆ ಒಳ್ಳೆಯದು, ತೂತಿನ ಮರೆ (ತಿರುಪಿನ ಗೆರೆ, ಥ್ರೆಡ್) ಸವೆದಿದ್ದರೂ ಕೂರುತ್ತದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎಸೆಯಿರಿ. ಮರೆ ತಿರುಗಿಸುವ ಹಿತ್ತಾಳೆಯದ್ದು ಕಳೆದುಹೋಗಿ, ಪಕ್ಕದ ನಲ್ಲಿ ಸಾಮಾನಿನ ಅಂಗಡಿಯಿಂದ ಅರ್ಧ ಇಂಚಿನ ಎಂಡ್ ಪ್ಲಗ್ ತಂದು ಹಾಕಿದರೆ ಆಗುತ್ತಾ? ಹೊರಗಿನಿಂದ ಬಂದ ಫಿಟ್ಟಿಂಗ್‌ಗಳಲ್ಲಿ ಅಮೆರಿಕದ ಎನ್‌ಪಿಟಿ ಮರೆ ಇರುತ್ತದೆ, ನಮ್ಮ ನಲ್ಲಿ ಅಂಗಡಿಯದ್ದು ಬ್ರಿಟಿಷ್ ಅಳತೆಯ ಬಿಎಸ್‌ಪಿ ಮರೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಮರೆ, ಆದರೆ ಮರೆಯ ಕೋನ ಒಂದರಲ್ಲಿ 60 ಡಿಗ್ರಿ, ಇನ್ನೊಂದರಲ್ಲಿ 55. ಎರಡು ಮೂರು ಸುತ್ತು ಚೆನ್ನಾಗಿ ಹೋಗಿ ಆಮೇಲೆ ಹಿಡಿಯುತ್ತದೆ, ಆದರೂ ಸೋರುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಅವತ್ತಿನ ಮಟ್ಟಿಗೆ ದಡ ಸೇರಬಹುದು, ಅಷ್ಟಕ್ಕೇ.

ಇಳಿಸುವ ಜಾಗದ ಬಗ್ಗೆ ಒಂದು ಮಾತು. ಊರೊಳಗಿನ ಕೆರೆಗಳಿಗೆ ಸ್ವಂತ ದೋಣಿ ತೆಗೆದುಕೊಂಡು ಹೋಗಿ ನಿಲ್ಲಬೇಡಿ, ಯಾರೂ ಬಿಡುವುದಿಲ್ಲ. ಹಿನ್ನೀರಿಗೂ ಅನುಮತಿ ಬೇಕು. ಒಳನಾಡಿನ ಎಂಜಿನ್ ದೋಣಿಗಳಿಗೆ 2021ರ ಕಾಯ್ದೆ ಇದೆ, ನೋಂದಣಿ ಕಾಗದ ಮೊದಲೇ ಮಾಡಿಸಿಕೊಳ್ಳಿ. 2022ರ ಸೆಪ್ಟೆಂಬರ್ ಪ್ರವಾಹದಲ್ಲಿ ಹೊರವರ್ತುಲ ರಸ್ತೆ ಕಡೆ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಸಾಗಿಸಿದಾಗ ನಮ್ಮ ಆಫೀಸಿನವರೆಲ್ಲ “ಗುರು, ನಿನ್ನ ದೋಣಿ ಈಗ ತಾ” ಅಂತ ಮೆಸೇಜ್ ಮಾಡಿದರು. ಬೆಂಗಳೂರಿನಲ್ಲಿ ಅನುಮತಿ ಕೇಳದೆ ಸಿಗುವ ನೀರು ಅದೊಂದೇ.

ರ್ಯಾಂಪ್‌ನಲ್ಲಿ ಬಿರಡೆ ಅಲ್ಲದೆ ಮರೆಯಲು ಇನ್ನೂ ಬೇಕಾದಷ್ಟಿದೆ. ಜಲಾಶಯದ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಕೆಆರ್‌ಎಸ್ ತುಂಬಿದಾಗ 124.80 ಅಡಿ, ಬೇಸಿಗೆಯಲ್ಲಿ ಎಷ್ಟೋ ಅಡಿ ಕೆಳಗೆ. ಮಳೆಗಾಲದಲ್ಲಿ ಕಾಂಕ್ರೀಟ್ ಇದ್ದ ಕಡೆ ಇಳಿಸಿದವರು ಏಪ್ರಿಲ್‌ನಲ್ಲಿ ಅದರಾಚೆಯ ಕೆಸರಿಗೆ ಕಾರು ಇಳಿಸಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಬರಿಗಾಲಿನಲ್ಲಿ ನಡೆದು ನೋಡಿ. ಪಾಚಿ ಎಲ್ಲಿ ಶುರುವಾಗುತ್ತದೆ, ಗಟ್ಟಿ ನೆಲ ಎಲ್ಲಿ ಮುಗಿಯುತ್ತದೆ ಅಂತ ಕಾಲಿಗೇ ಗೊತ್ತಾಗುತ್ತದೆ. ಕಾರಿನ ಹಿಂದಿನ ಚಕ್ರ ಪಾಚಿಯ ಮೇಲೆ ಹೋಗದ ಹಾಗೆ ನಿಲ್ಲಿಸಿ.

ರಿವರ್ಸ್ ಹೋಗುವಾಗ ಸ್ಟಿಯರಿಂಗ್‌ನ ಕೆಳಭಾಗವನ್ನು ಹಿಡಿಯಿರಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸಿ, ಸ್ವಲ್ಪ ಸ್ವಲ್ಪವೇ. ಜಾಸ್ತಿ ಕಟ್ ಹೊಡೆದರೆ ಟ್ರೇಲರ್ ಮಡಚಿಕೊಂಡು ಬಂಪರ್‌ಗೆ ಬಡಿಯುತ್ತದೆ. ಸೊಟ್ಟ ಹೋಯ್ತು ಅನಿಸಿದರೆ ನಾಚಿಕೆ ಬಿಟ್ಟು ಮುಂದೆ ಎಳೆದು ಮತ್ತೆ ಶುರು ಮಾಡಿ. ಹಿಂದೆ ನಿಂತು “ಬರ್ಲಿ ಬರ್ಲಿ” ಅನ್ನುವವನು ಒಬ್ಬನೇ ಇರಬೇಕು. ಲಾರಿ ಕ್ಲೀನರ್‌ಗಳಿಗೆ ಗೊತ್ತಿರುವ ಇಷ್ಟು ಸಣ್ಣ ವಿಷಯ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಪಂಡಿತರಿಗೆ ಗೊತ್ತಿಲ್ಲ, ನಾಲ್ಕು ಜನ ನಾಲ್ಕು ಕಡೆ ಕೈ ಬೀಸುತ್ತಾರೆ.

ದೋಣಿಯ ಹಿಂಭಾಗವನ್ನು ಟ್ರೇಲರ್‌ಗೆ ಬಿಗಿದ ಬೆಲ್ಟ್ ರ್ಯಾಂಪ್‌ಗಿಂತ ಮುಂಚೆಯೇ ಬಿಚ್ಚಿ. ದೋಣಿಯನ್ನು ಟ್ರೇಲರ್ ಮೇಲೆ ಎಳೆಯುವ ರಾಟೆಯ, ಅಂದರೆ ಮುಂದಿನ ವಿಂಚ್‌ನ ಹುಕ್ಕನ್ನು ಮಾತ್ರ ದೋಣಿ ತೇಲುವ ತನಕ ಮುಟ್ಟಬೇಡಿ. ಇಳಿಜಾರಿನಲ್ಲಿ ಅದನ್ನು ಬಿಚ್ಚಿದರೆ ದೋಣಿ ಜಾರಿ ನೇರ ಕಾಂಕ್ರೀಟ್ ಮೇಲೆ ಬೀಳುತ್ತದೆ. ಮೂತಿಗೆ ಉದ್ದ ಹಗ್ಗ ಕಟ್ಟಿ ಅದರ ಇನ್ನೊಂದು ತುದಿ ದಡದಲ್ಲಿರುವವರ ಕೈಯಲ್ಲಿ ಇರಲಿ, ಇಲ್ಲವಾದರೆ ಚೆನ್ನಾಗಿ ಇಳಿದ ದೋಣಿ ಒಬ್ಬಂಟಿಯಾಗಿ ತೇಲಿ ಹೋಗುವುದನ್ನು ನೋಡುತ್ತಾ ನಿಲ್ಲಬೇಕು. ಎಂಜಿನ್ ಮೇಲೆ ಎತ್ತಿರಲಿ. ಟ್ರೇಲರ್ ಲೈಟಿನ ಕನೆಕ್ಷನ್ ತೆಗೆದಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟ ಮೇಲೇ ಡ್ರೈವರ್ ಇಳಿಯಬೇಕು. ದೋಣಿ ತೇಲಿದ ಮೇಲೂ ಒಬ್ಬರು ಒಳಗೆ ಕೂತು ನೆಲದ ಮುಚ್ಚಳ ತೆಗೆದು ಐದು ನಿಮಿಷ ನೋಡಲಿ. ಆಮೇಲೆ ಕಾರು ಪಾರ್ಕ್ ಮಾಡಲು ಹೋಗಿ. ಈ ಐದು ನಿಮಿಷ ನಾವು ಕೊಟ್ಟಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಇಷ್ಟಾದರೂ ಮರೆತಿರಿ ಅಂದುಕೊಳ್ಳಿ. ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದಾರಾ ನೋಡಿ, ಬಿಲ್ಜ್ ಪಂಪ್ ಆನ್ ಮಾಡಿ. ಹಿಂಭಾಗದಲ್ಲಿ ಗುಂಪು ಸೇರಬೇಡಿ, ಭಾರ ಮುಂದಕ್ಕೆ ಬಂದರೆ ತೂತು ಸ್ವಲ್ಪ ಮೇಲೇಳುತ್ತದೆ. ಒಳಗಿನಿಂದ ತೂತಿಗೆ ಕೈ ಎಟುಕಿದರೆ ಸ್ಪೇರ್ ಹಾಕಿ, ಇಲ್ಲದಿದ್ದರೆ ಬಟ್ಟೆ ಸುರುಳಿ ಮಾಡಿ ತುರುಕಿ. ನಾವು ತುರುಕಿದ್ದು ಪಂಚೆಯ ಚೂರು. ಹೊರಗಿನಿಂದ ಹಾಕಬೇಕಾದರೆ ಎಂಜಿನ್ ಪೂರ್ತಿ ನಿಲ್ಲಿಸಿ, ಕೀ ಕೈಯಲ್ಲಿ ಹಿಡಿದ ಮೇಲೇ ಯಾರಾದರೂ ನೀರಿಗೆ ಇಳಿಯಬೇಕು. ಪ್ರೊಪೆಲ್ಲರ್ ಪಕ್ಕದಲ್ಲೇ ಇರುತ್ತದೆ. ದಡದಿಂದ ದೂರ ಇದ್ದು ನೀರು ಇನ್ನೂ ಕಡಿಮೆ ಇದ್ದರೆ ನಿಲ್ಲಿಸದೆ ವೇಗವಾಗಿ ಆಳವಿಲ್ಲದ ಕಡೆಗೆ ಓಡಿಸಿ. ಆಗಲೇ ತುಂಬಾ ತುಂಬಿದ್ದರೆ ವೇಗದ ಆಸೆ ಬಿಟ್ಟು, ನಿಧಾನವಾಗಿ ಹತ್ತಿರದ ದಡಕ್ಕೆ ತನ್ನಿ. ಮೊಣಕಾಲುದ್ದ ನೀರಿನಲ್ಲಿ ಕೂತ ದೋಣಿ ಇನ್ನೂ ನಿಮ್ಮದೇ.

ನೀರು ತುಂಬಿದ ದೋಣಿಯನ್ನು ಟ್ರೇಲರ್ ಮೇಲೆ ಒಂದೇ ಸಲಕ್ಕೆ ಎಳೆಯಬೇಡಿ. ನಾವು ಎಳೆದೆವು. ವಿಂಚ್ ಬೆಲ್ಟ್ ಪಟ್ ಅಂತ ಹರಿಯಿತು, ಯಾರ ಮುಖಕ್ಕೂ ಹೊಡೆಯಲಿಲ್ಲ, ಪುಣ್ಯ. ತೂತು ನೀರಿನಿಂದ ಮೇಲೆ ಬರುವಷ್ಟು ಮಾತ್ರ ಎಳೆದು, ಬಟ್ಟೆ ಕಿತ್ತು, ಕಾಯಿರಿ. ಬಂದ ದಾರಿಯಲ್ಲೇ ನೀರು ಹೋಗುತ್ತದೆ. ನಮಗೆ ಅರ್ಧ ಗಂಟೆ ಬೇಕಾಯಿತು, ಅಷ್ಟು ಹೊತ್ತೂ ಆ ಯಜಮಾನರು ಬೀಡಿ ಸೇದುತ್ತಾ ಪಕ್ಕದಲ್ಲೇ ಕೂತಿದ್ದರು.

ಎಂಜಿನ್ ಒಳಗೆ ನೀರು ಹೋಗಿದ್ದರೆ ಸ್ಟಾರ್ಟ್ ಮಾಡಿ ನೋಡುವ ಆಸೆ ತಡೆದುಕೊಳ್ಳಿ. ಬ್ಯಾಟರಿ ಕಳಚಿ, ಸಿಹಿನೀರಿನಲ್ಲಿ ತೊಳೆದು, ಅದೇ ದಿನ ಮೆಕ್ಯಾನಿಕ್ ಹತ್ತಿರ ತಲುಪಿಸಿ. ಹೊರಗೆ ಗಾಳಿಗೆ ಬಿಟ್ಟಷ್ಟೂ ಒಳಗೆ ತುಕ್ಕು. ಮಲ್ಪೆ, ಕಾರವಾರ ಅಂತ ಸಮುದ್ರದಲ್ಲಿ ಆದರೆ ಇನ್ನೂ ಬೇಗ.

ಶೆಡ್‌ಗೆ ವಾಪಸ್ ಬಂದ ಮೇಲೆ ಮೂತಿ ಮೇಲೆ ಇರುವ ಹಾಗೆ ಟ್ರೇಲರ್ ನಿಲ್ಲಿಸಿ, ಬಿರಡೆ ಬಿಚ್ಚಿ ಒರೆಸಿ, ಮರೆಯಲ್ಲಿ ಮರಳು ಕೂತಿದೆಯಾ ನೋಡಿ, ಕೀ ಜೊತೆ ಕಟ್ಟಿ ನೇತುಹಾಕಿ. ಈ ಸಲದ ಆಯುಧಪೂಜೆಗೆ ನಾವು ಕುಂಕುಮವನ್ನು ತೂತಿನ ಪಕ್ಕದಲ್ಲಿ ದೋಣಿಗೇ ಹಚ್ಚಿದೆವು.